ಸೀಟು ಸಿಗುತ್ತದಾ? ಅಮೆರಿಕದ ದೊಡ್ಡ ಕಾಲೇಜುಗಳ ವಿಷಯದಲ್ಲಿ ಶೇಕಡಾ ಲೆಕ್ಕ ಎಲ್ಲಿ ಕೈಕೊಡುತ್ತದೆ

ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯಲ್ಲಿ 1600ಕ್ಕೆ 1540. ಶಾಲೆಯ ಸರಾಸರಿ ಅಂಕ, ಅಂದರೆ ಜಿಪಿಎ, 4ಕ್ಕೆ 3.95. ಕಾಲೇಜು ಮಟ್ಟದ ಹನ್ನೊಂದು ಎಪಿ ಕೋರ್ಸು, ಶಾಲೆಯ ರೋಬೋಟಿಕ್ಸ್ ತಂಡದ ಮುಂದಾಳತ್ವ. ಇಂಥ ಹುಡುಗಿಗೆ ಹಾರ್ವರ್ಡಿನಲ್ಲಿ ಸೀಟು ಸಿಗುತ್ತದಾ? ಆಗಸ್ಟ್ ಬಂತೆಂದರೆ ಅಮೆರಿಕದಲ್ಲಿ ಹನ್ನೆರಡನೇ ತರಗತಿ ಮಕ್ಕಳಿರುವ ಮನೆಗಳಲ್ಲಿ ಇಂಥದ್ದೇ ಮಾತು. ಉತ್ತರ ಹೇಳಲು ದುಡ್ಡು ತೆಗೆದುಕೊಳ್ಳುವ ಕನ್ಸಲ್ಟೆಂಟುಗಳಿದ್ದಾರೆ. ಅಂಕ ತುಂಬಿದ ತಕ್ಷಣ ‘ನಿಮ್ಮ ಸಾಧ್ಯತೆ ಶೇ. 17’ ಎಂದು ತೋರಿಸುವ ಕ್ಯಾಲ್ಕುಲೇಟರುಗಳೂ ಇವೆ. ಆ 17 ಎಲ್ಲಿಂದ ಬಂತು ಅಂತ ಕೇಳುವವರು ಕಡಿಮೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಲೆಕ್ಕ ಪಟ್ಟಿಯ ಕೆಳಗಿರುವ ಕಾಲೇಜುಗಳ ವಿಷಯದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೀರಾ ಮೇಲಿರುವ ಹತ್ತಿಪ್ಪತ್ತು ಕಾಲೇಜುಗಳ ವಿಷಯದಲ್ಲಿ ಮಾಡುವುದಿಲ್ಲ. ಆದರೆ ಜನ ತಲೆ ಕೆಡಿಸಿಕೊಳ್ಳುವುದೆಲ್ಲ ಆ ಮೇಲಿನವುಗಳ ಬಗ್ಗೆಯೇ. ಲೆಕ್ಕ ನಿಜಕ್ಕೂ ಉಪಯೋಗಕ್ಕೆ ಬರುವ ಕಡೆ ಯಾರೂ ಅರ್ಧ ಗಂಟೆ ಕೂರುವುದಿಲ್ಲ.

ಸಿಇಟಿ, ಜೆಇಇ ನೋಡಿ ಬೆಳೆದವರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸುವುದು ಸಹಜ. ಅಲ್ಲಿ ರ‍್ಯಾಂಕ್ ಇದೆ, ಕಳೆದ ವರ್ಷದ ಕಟ್‌ಆಫ್ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮುಕ್ಕಾಲು ಉತ್ತರ ಸಿಕ್ಕಿತು. ಅಮೆರಿಕದ ಆ ಕಾಲೇಜುಗಳಲ್ಲಿ ಕಟ್‌ಆಫ್ ಎಂಬುದೇ ಇಲ್ಲ. ಒಳ್ಳೆಯ ಅಂಕವಿದ್ದರೆ ಅರ್ಜಿಯನ್ನು ಗಮನ ಕೊಟ್ಟು ಓದುತ್ತಾರೆ, ಅಷ್ಟೇ.

ಬರೀ ಅಂಕದ ಬಲ ಎಷ್ಟು ಎಂಬುದಕ್ಕೆ ಹಾರ್ವರ್ಡಿನದೇ ಲೆಕ್ಕವಿದೆ. ಪ್ರವೇಶದಲ್ಲಿ ಜನಾಂಗ ಪರಿಗಣಿಸುವುದರ ವಿರುದ್ಧ ಆ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆ ಹೂಡಿದ್ದರು. 2018ರಲ್ಲಿ ಬಾಸ್ಟನ್ನಿನಲ್ಲಿ ವಿಚಾರಣೆ ನಡೆಯಿತು. ಸಾಮಾನ್ಯವಾಗಿ ಬೀಗ ಹಾಕಿಟ್ಟಿರುವ ಕಡತಗಳು ಆಗ ಹೊರಬಂದವು. 2015ರಲ್ಲಿ ಸೇರಬೇಕಿದ್ದ ಬ್ಯಾಚಿಗೆ ದೇಶದೊಳಗಿನಿಂದಲೇ ಸುಮಾರು 26,000 ಅರ್ಜಿ ಬಂದಿದ್ದವು. ಅವರಲ್ಲಿ 8,000ಕ್ಕೂ ಹೆಚ್ಚು ಮಂದಿಗೆ ಪೂರ್ತಿ ಜಿಪಿಎ ಇತ್ತು. ಎಸ್‌ಎಟಿ ಗಣಿತದಲ್ಲಿ ಪೂರ್ಣ ಅಂಕ ಪಡೆದವರು ಸುಮಾರು 3,500, ಇಂಗ್ಲಿಷ್ ಭಾಗದಲ್ಲಿ ಸುಮಾರು 2,700. ಇದ್ದ ಜಾಗ ಸುಮಾರು 1,600. ನೂರಕ್ಕೆ ನೂರು ತೆಗೆದವರನ್ನಷ್ಟೇ ಸೇರಿಸಿಕೊಂಡರೂ ಹಲವರನ್ನು ವಾಪಸ್ ಕಳಿಸಬೇಕಿತ್ತು.

ಹಾಗಾದರೆ ಓದುವುದು ಹೇಗೆ? ಅದೂ ಅದೇ ಕಡತಗಳಲ್ಲಿದೆ. ಮೊದಲು ಓದುವವರು ಪ್ರತಿ ಅರ್ಜಿಗೂ ಆರು ವಿಭಾಗಗಳಲ್ಲಿ ಅಂಕ ಹಾಕುತ್ತಾರೆ: ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ, ಶಾಲೆಯವರ ಶಿಫಾರಸು, ವ್ಯಕ್ತಿತ್ವ, ಒಟ್ಟಾರೆ. 1 ಅಂದರೆ ಅತ್ಯುತ್ತಮ, 6 ಅಂದರೆ ತೀರಾ ಕೆಳಗೆ. ಆಮೇಲೆ ಪ್ರದೇಶವಾರು ಉಪಸಮಿತಿ. ಕೊನೆಗೆ 40 ಜನರ ಸಮಿತಿಯಲ್ಲಿ ಬಹುಮತ ಬೇಕು. ಅಷ್ಟಾದ ಮೇಲೂ ಪಟ್ಟಿ ಉದ್ದ ಉಳಿದರೆ ಇನ್ನೊಂದು ಸುತ್ತು ಕತ್ತರಿ ಬೀಳುತ್ತದೆ. ನೀವು ಕ್ಯಾಲ್ಕುಲೇಟರಿಗೆ ತುಂಬಿದ ಮಾಹಿತಿಯಲ್ಲಿ ಹೆಚ್ಚಿನದು ಈ ಆರರಲ್ಲಿ ಮೊದಲನೆಯದಕ್ಕೆ ಸೇರಿದ್ದು. ಎರಡನೆಯದು ಅರೆಬರೆ. ಶಿಕ್ಷಕರು ನಿಮ್ಮ ಬಗ್ಗೆ ಏನು ಬರೆದರೋ ನಿಮಗೇ ಗೊತ್ತಿರುವುದಿಲ್ಲ, ಕ್ಯಾಲ್ಕುಲೇಟರಿಗೆ ಹೇಗೆ ಗೊತ್ತಾಗಬೇಕು?

ಇನ್ನು ಎಲ್ಲರ ಬಾಯಲ್ಲಿರುವ ‘ಅಕ್ಸೆಪ್ಟೆನ್ಸ್ ರೇಟ್’, ಅಂದರೆ ಅರ್ಜಿ ಹಾಕಿದವರಲ್ಲಿ ಸೀಟು ಸಿಕ್ಕವರ ಪ್ರಮಾಣ. 2024ರಲ್ಲಿ ಹಾರ್ವರ್ಡ್ ಸೇರುವ ಬ್ಯಾಚಿಗೆ 54,008 ಅರ್ಜಿ ಬಂದವು, 1,937 ಮಂದಿಗೆ ಪ್ರವೇಶ ಸಿಕ್ಕಿತು. ಶೇ. 3.6. ಮರುವರ್ಷದ ಬ್ಯಾಚಿಗೆ ಎಸ್‌ಎಟಿ ಅಥವಾ ಅಂಥದ್ದೇ ಇನ್ನೊಂದು ಪರೀಕ್ಷೆಯಾದ ಎಸಿಟಿ ಅಂಕ ಮತ್ತೆ ಕಡ್ಡಾಯವಾಯಿತು. ಅರ್ಜಿಗಳು ಸುಮಾರು 48,000ಕ್ಕೆ ಇಳಿದವು, ಪ್ರಮಾಣ ಶೇ. 4 ದಾಟಿತು. ಪ್ರವೇಶ ಸುಲಭವಾಯಿತಾ? ಹಾಗೇನಿಲ್ಲ. ಅಂಕ ತೋರಿಸಲು ಹಿಂಜರಿದವರು ಅರ್ಜಿ ಹಾಕಲಿಲ್ಲ, ಛೇದ ಚಿಕ್ಕದಾಯಿತು. ಒಳ್ಳೆ ಅಂಕವಿದ್ದ ಹುಡುಗ ಎರಡೂ ವರ್ಷ ಹೆಚ್ಚುಕಡಿಮೆ ಅದೇ ಜಾಗದಲ್ಲಿದ್ದ.

ಛೇದದ ಕಥೆ ಅದಾದರೆ ಅಂಶದ ಕಥೆ ಇನ್ನೂ ದೊಡ್ಡದು. ಶೇ. 4 ಅಂದರೆ ಎಲ್ಲರಿಗೂ ಶೇ. 4 ಅಲ್ಲ. ಒಂದೇ ಬಾಗಿಲ ಮುಂದೆ ಹಲವು ಸಾಲುಗಳಿವೆ, ಒಂದೊಂದು ಒಂದೊಂದು ವೇಗದಲ್ಲಿ ಸರಿಯುತ್ತದೆ. ಆ ಮೊಕದ್ದಮೆಯಲ್ಲಿ ಹೊರಬಂದ ಆರು ಬ್ಯಾಚುಗಳ ಮಾಹಿತಿ ನೋಡಿ. ಕೋಚ್‌ಗಳು ಆರಿಸಿಕೊಂಡ ಕ್ರೀಡಾಪಟುಗಳಲ್ಲಿ ಶೇ. 86 ಮಂದಿಗೆ ಪ್ರವೇಶ ಸಿಕ್ಕಿತ್ತು. ಅಪ್ಪನೋ ಅಮ್ಮನೋ ಅಲ್ಲೇ ಓದಿದ್ದರೆ, ಅಂದರೆ ‘ಲೆಗಸಿ’ ಆಗಿದ್ದರೆ, ಸುಮಾರು ಮೂರರಲ್ಲಿ ಒಬ್ಬರಿಗೆ. ಇವರ ಜೊತೆ ದೊಡ್ಡ ದಾನಿಗಳ ಮಕ್ಕಳಂಥ ಡೀನ್ ಪಟ್ಟಿಯವರನ್ನೂ ಅಲ್ಲಿನ ಅಧ್ಯಾಪಕ, ಸಿಬ್ಬಂದಿ ಮಕ್ಕಳನ್ನೂ ಸೇರಿಸಿ. ಪ್ರವೇಶ ಪಡೆದ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ. 43ಕ್ಕೂ ಹೆಚ್ಚು ಮಂದಿ ಈ ನಾಲ್ಕು ಗುಂಪಿನವರೇ. ಕರಿಯ, ಹಿಸ್ಪಾನಿಕ್ ಮತ್ತು ಏಷ್ಯನ್ ಮೂಲದವರಲ್ಲಿ ಆ ಪಾಲು ಶೇ. 16ಕ್ಕಿಂತ ಕಡಿಮೆ.

ನಮ್ಮ 1540ರ ಹುಡುಗಿ ಈ ಯಾವ ಗುಂಪಿಗೂ ಸೇರಿಲ್ಲ ಅಂದುಕೊಳ್ಳಿ. ಆಗ ಪ್ರಕಟವಾಗುವ ಸರಾಸರಿ ಅವಳಿಗೆ ಅನ್ವಯಿಸುವುದೇ ಇಲ್ಲ. ಅವಳ ಸಾಲಿನ ಪ್ರಮಾಣ ಅದಕ್ಕಿಂತ ಕಡಿಮೆ. ಅದನ್ನು ಯಾವ ಕಾಲೇಜೂ ತಾನಾಗಿ ಹೇಳುವುದಿಲ್ಲ.

2023ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಹಾರ್ವರ್ಡ್, ಯೇಲ್, ಬ್ರೌನ್ ಸೇರಿದ ‘ಐವಿ’ ಗುಂಪಿನ ಎಂಟು ಕಾಲೇಜುಗಳು ಮತ್ತು ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್, ಶಿಕಾಗೊಗಳನ್ನು ಒಟ್ಟಿಗಿಟ್ಟು ನೋಡಿದರು. ಪರೀಕ್ಷೆಯ ಅಂಕ ಒಂದೇ ಆಗಿದ್ದರೂ ಅತಿ ಶ್ರೀಮಂತ ಶೇ. 1ರ ಮನೆಯ ಮಕ್ಕಳಿಗೆ ಪ್ರವೇಶದ ಸಾಧ್ಯತೆ ಮೂರನೇ ಒಂದರಷ್ಟು ಜಾಸ್ತಿ ಇತ್ತು. ಅದಕ್ಕೂ ಮೇಲಿನ ಶೇ. 0.1ರವರಿಗೆ ಎರಡರಷ್ಟಕ್ಕಿಂತ ಹೆಚ್ಚು. ಕಾರಣ ಮೂರು: ಲೆಗಸಿ, ಕ್ರೀಡೆ, ಮತ್ತೆ ಖಾಸಗಿ ಶಾಲೆಗಳಿಂದ ಬಂದವರಿಗೆ ಸಿಗುವ ಮೇಲಿನ ‘ಓದೇತರ’ ಅಂಕ. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ.

ಈ ಸಾಲುಗಳು ಈಗ ಬದಲಾಗುತ್ತಲೂ ಇವೆ. 2023ರ ಜೂನ್ 29ರಂದು ಸುಪ್ರೀಂ ಕೋರ್ಟ್ ಜನಾಂಗ ಪರಿಗಣಿಸುವುದಕ್ಕೆ ತಡೆ ಹಾಕಿತು. ಜಾನ್ಸ್ ಹಾಪ್ಕಿನ್ಸ್, ಆಮ್ಹರ್ಸ್ಟ್ ಲೆಗಸಿ ಲಾಭವನ್ನು ಕೈಬಿಟ್ಟಿವೆ. ಎಂಐಟಿ, ಕ್ಯಾಲ್‌ಟೆಕ್‌ಗಳಲ್ಲಿ ಅದು ಇಲ್ಲ. ಐದು ವರ್ಷದ ಹಿಂದೆ ಅಣ್ಣನಿಗೆ ಸಿಕ್ಕಿತ್ತು ಎಂಬುದನ್ನು ಆಧಾರ ಮಾಡಿಕೊಂಡು ತಂಗಿಯ ಲೆಕ್ಕ ಹಾಕುವವರು ಇದನ್ನು ನೆನಪಿಡಬೇಕು. ಆ ಅಣ್ಣ ಅರ್ಜಿ ಹಾಕಿದ್ದು ಬೇರೆ ನಿಯಮಗಳ ಕಾಲದಲ್ಲಿ.

ವಿದ್ಯಾರ್ಥಿ ತಾನೇ ಆರಿಸಿಕೊಳ್ಳಬಹುದಾದ ಸಾಲು ಒಂದಿದೆ: ಅರ್ಲಿ ಡಿಸಿಷನ್. ನವೆಂಬರ್ 1ರ ಹೊತ್ತಿಗೆ ಒಂದೇ ಕಾಲೇಜಿಗೆ ಅರ್ಜಿ ಹಾಕಿ, ಸಿಕ್ಕಿದರೆ ಖಂಡಿತ ಸೇರುತ್ತೇನೆ ಎಂದು ಸಹಿ ಹಾಕುವುದು. ಬ್ರೌನ್ ವಿಶ್ವವಿದ್ಯಾಲಯದ 2024ರ ಬ್ಯಾಚನ್ನೇ ತೆಗೆದುಕೊಳ್ಳಿ. ಒಟ್ಟು ಸುಮಾರು 48,900 ಅರ್ಜಿ, 2,521 ಮಂದಿಗೆ ಪ್ರವೇಶ. ಶೇ. 5.2. ಇದರೊಳಗೆ ಅರ್ಲಿ ಡಿಸಿಷನ್ನಿನ ಸುಮಾರು 6,200 ಅರ್ಜಿಗಳಿದ್ದವು, ಅವರಲ್ಲಿ 898 ಮಂದಿಗೆ ಸಿಕ್ಕಿತು. ಶೇ. 14ಕ್ಕಿಂತ ಸ್ವಲ್ಪ ಹೆಚ್ಚು. ಇವರನ್ನು ತೆಗೆದರೆ ಉಳಿದ 42,000 ಚಿಲ್ಲರೆ ಮಂದಿಗೆ ಎಷ್ಟು? ಶೇ. 3.8. ಒಂದೇ ಕಾಲೇಜು, ಒಂದೇ ವರ್ಷ, 5.2 ಎಂಬ ಸಂಖ್ಯೆ ಯಾರಿಗೂ ನಿಜವಲ್ಲ.

ಹಾಗಂತ ಅರ್ಲಿ ಹಾಕಿದರೆ ನಾಲ್ಕು ಪಟ್ಟು ಲಾಭ ಅಂತ ಹೇಳುವವರ ಮಾತನ್ನು ಅರ್ಧ ನಂಬಿ. ಕೋಚ್ ಕರೆದ ಕ್ರೀಡಾಪಟುಗಳು ಬರುವುದು ಬಹುಪಾಲು ಅರ್ಲಿಯಲ್ಲೇ. ಲೆಗಸಿ ಮಕ್ಕಳೂ ಅಲ್ಲಿ ಜಾಸ್ತಿ. ಅವರನ್ನು ಪಕ್ಕಕ್ಕಿಟ್ಟರೆ ಮಾಮೂಲಿ ವಿದ್ಯಾರ್ಥಿಗೆ ಉಳಿಯುವ ಲಾಭ ನಿಜ, ಆದರೆ 14 ಮತ್ತು 3.8ರ ನಡುವೆ ಕಾಣುವಷ್ಟು ದೊಡ್ಡದಲ್ಲ. ಕಾಲೇಜಿಗೆ ಇದರಲ್ಲಿ ಸ್ವಾರ್ಥವೂ ಇದೆ. ಪ್ರವೇಶ ಕೊಟ್ಟವರಲ್ಲಿ ಎಷ್ಟು ಮಂದಿ ಸೇರುತ್ತಾರೆ ಎಂಬುದು ಅವರಿಗೆ ದೊಡ್ಡ ತಲೆನೋವು. ಸಹಿ ಹಾಕಿ ಬಂದವರು ಸೇರಿಯೇ ಸೇರುತ್ತಾರೆ.

ಉಳಿದ ಸಾಲುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರೌನಿನಲ್ಲಿ ಹುಡುಗರ ಪ್ರವೇಶ ಪ್ರಮಾಣ ಹುಡುಗಿಯರದ್ದಕ್ಕಿಂತ ಮೇಲಿದೆ, ಎಂಐಟಿಯಲ್ಲಿ ಉಲ್ಟಾ. ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ ಕ್ಯಾಂಪಸ್ಸಿನಲ್ಲಿ ಒಟ್ಟಾರೆ ಹತ್ತರಲ್ಲಿ ನಾಲ್ವರಿಗೆ ಸಿಗುತ್ತದೆ. ಅಲ್ಲೇ ಕಂಪ್ಯೂಟರ್ ಸೈನ್ಸ್ ಕೇಳಿದರೆ ಶೇ. 10 ಕೂಡ ಇಲ್ಲ. ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ಕೇಳುವವರು ನಮ್ಮವರಲ್ಲಿ ಎಷ್ಟಿದ್ದಾರೆ, ಅದು ಬೇರೆ ಮಾತು. ಹೊರದೇಶದಿಂದ ಅರ್ಜಿ ಹಾಕುವವರಿಗೆ ಎಂಐಟಿಯ ಪ್ರಮಾಣ ಅದರ ಒಟ್ಟು ಪ್ರಮಾಣದ ಅರ್ಧಕ್ಕಿಂತ ಕಡಿಮೆ. ಇದನ್ನು ಎಂಐಟಿಯೇ ತನ್ನ ಸೈಟಿನಲ್ಲಿ ಬಿಡಿಸಿ ಹಾಕುತ್ತದೆ, ಮೆಚ್ಚಬೇಕು.

ಎಸ್‌ಎಟಿ ವಿಷಯಕ್ಕೆ ಬಂದರೆ, ಕೋವಿಡ್ ಕಾಲದಲ್ಲಿ ಬಹುತೇಕ ಕಾಲೇಜುಗಳು ಅಂಕ ಕಳಿಸುವುದನ್ನು ಐಚ್ಛಿಕ ಮಾಡಿದವು. 2022ರಲ್ಲಿ ಎಂಐಟಿ ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಒಂದೊಂದಾಗಿ ಅದೇ ದಾರಿ ಹಿಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮಾತ್ರ ಕಳಿಸಿದರೂ ನೋಡುವುದಿಲ್ಲ ಎನ್ನುತ್ತದೆ. ಐಚ್ಛಿಕವಾಗಿರುವ ಕಡೆ ಒಂದು ಮೋಸವಿದೆ. ಕಾಲೇಜು ‘ನಮ್ಮಲ್ಲಿ ಸೇರಿದವರ ನಡುವಿನ ಅರ್ಧ ಮಂದಿಯ ಅಂಕ 1500ರಿಂದ 1560’ ಅಂತ ಹಾಕುತ್ತದೆ ಎಂದುಕೊಳ್ಳಿ. ಅದು ಅಂಕ ಕಳಿಸಿದವರ ಲೆಕ್ಕ ಮಾತ್ರ. ಕಡಿಮೆ ಬಂದವರು ಕಳಿಸಿಯೇ ಇಲ್ಲ. ಹಾಗಾಗಿ ಸಂಖ್ಯೆ ಇದ್ದುದಕ್ಕಿಂತ ಮೇಲೆ ಕಾಣುತ್ತದೆ. ಅದನ್ನು ನೋಡಿ ಮುಂದಿನ ವರ್ಷದವರು ಇನ್ನಷ್ಟು ಹೆದರುತ್ತಾರೆ. ಡಾರ್ಟ್‌ಮತ್ ಮತ್ತೆ ಪರೀಕ್ಷೆ ತಂದದ್ದಕ್ಕೆ ಒಂದು ಕಾರಣವೇ ಇದು. ಬಡ ಕುಟುಂಬಗಳ ಮಕ್ಕಳು ತಮಗೆ ಅನುಕೂಲವಾಗುತ್ತಿದ್ದ ಅಂಕವನ್ನೂ ಕಳಿಸದೆ ಮುಚ್ಚಿಟ್ಟುಕೊಳ್ಳುತ್ತಿದ್ದಾರೆ ಎಂದು ಅಲ್ಲಿನ ಅರ್ಥಶಾಸ್ತ್ರಜ್ಞರು ಕಂಡುಕೊಂಡಿದ್ದರು. ಸಾಧಾರಣ ಶಾಲೆಯಿಂದ ಬಂದ 1420, ಆ ಶಾಲೆಯ ಸರಾಸರಿ ಪಕ್ಕದಲ್ಲಿಟ್ಟಾಗ, ದೊಡ್ಡ ಅಂಕವೇ.

ಈಗ ಎಲ್ಲರೂ ಎಡವುವ ಲೆಕ್ಕಕ್ಕೆ ಬರೋಣ. ‘ಒಂದೊಂದರಲ್ಲಿ ಶೇ. 5 ಇದ್ದರೇನಂತೆ, ಹತ್ತು ಕಾಲೇಜಿಗೆ ಹಾಕೋಣ, ಒಂದಾದರೂ ಸಿಗುತ್ತೆ.’ ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸುವ ಕಾಮನ್ ಆ್ಯಪ್‌ನಲ್ಲಿ ಒಬ್ಬರು 20 ಕಾಲೇಜಿನವರೆಗೆ ಹಾಕಬಹುದು, ಹಾಗಾಗಿ ಈ ಆಸೆ ಇನ್ನೂ ಬಲ. ಶಾಲೆಯ ಗಣಿತವೂ ಹೌದೆನ್ನುತ್ತದೆ. ಹತ್ತೂ ಕಡೆ ಸಿಗದಿರುವ ಸಾಧ್ಯತೆ 0.95ರ ಹತ್ತನೇ ಘಾತ, ಅಂದರೆ ಶೇ. 60. ಒಂದಾದರೂ ಸಿಗುವ ಸಾಧ್ಯತೆ ಶೇ. 40. ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ?

ಈ ಲೆಕ್ಕ ಸರಿಯಾಗಬೇಕಾದರೆ ಹತ್ತು ಕಾಲೇಜುಗಳೂ ಸುಮ್ನೆ ಚೀಟಿ ಎತ್ತುತ್ತಿರಬೇಕು. ಅವರು ಓದುತ್ತಿರುವುದು ಅದೇ ಅರ್ಜಿ. ಅದೇ 650 ಪದದ ಪ್ರಬಂಧ, ಅದೇ ಹತ್ತು ಸಾಲಿನ ಚಟುವಟಿಕೆ ಪಟ್ಟಿ, ಅದೇ ಶಿಕ್ಷಕರ ಅದೇ ಪತ್ರ. ಪತ್ರ ಸಪ್ಪೆಯಾಗಿದ್ದರೆ ಹತ್ತು ಕಡೆಯೂ ಸಪ್ಪೆ.

ಒಂದು ಕಾಲ್ಪನಿಕ ಉದಾಹರಣೆ ಮಾಡಿ ನೋಡೋಣ. ಅಂಕಗಳಲ್ಲಿ ಒಂದೇ ಥರ ಕಾಣುವ 100 ವಿದ್ಯಾರ್ಥಿಗಳಿದ್ದಾರೆ. ಎಲ್ಲರ ಸರಾಸರಿ ಸಾಧ್ಯತೆ ಶೇ. 5. ಆದರೆ ಒಳಗೆ ಎರಡು ಗುಂಪು. 20 ಮಂದಿಯ ಪ್ರಬಂಧ, ಪತ್ರ, ಸಾಧನೆ ನಿಜಕ್ಕೂ ಎದ್ದು ಕಾಣುತ್ತದೆ, ಅವರಿಗೆ ಪ್ರತಿ ಕಾಲೇಜಿನಲ್ಲೂ ಶೇ. 20. ಉಳಿದ 80 ಮಂದಿಗೆ ಶೇ. 1.25. ಸರಾಸರಿ ತೆಗೆದರೆ ಅದೇ 5. ಎಲ್ಲರೂ ಹತ್ತು ಕಡೆ ಹಾಕಿದರು. ಮೊದಲ ಗುಂಪಿನವರಿಗೆ ಒಂದಾದರೂ ಸಿಗುವ ಸಾಧ್ಯತೆ ಶೇ. 89. ಎರಡನೆಯವರಿಗೆ ಶೇ. 12. ನೂರೂ ಮಂದಿಯ ಒಟ್ಟು ಸರಾಸರಿ ಶೇ. 27. ನಾವು ಅಂದುಕೊಂಡಿದ್ದ 40 ಯಾರ ಪಾಲಿಗೂ ಬರಲಿಲ್ಲ.

ಇಲ್ಲಿ ಕಾಡುವ ವಿಷಯ ಬೇರೆ ಇದೆ. ನೀವು 20ರ ಗುಂಪಿನವರೋ 80ರ ಗುಂಪಿನವರೋ ಎಂಬುದು ಅಂಕಗಳಿಂದ ತಿಳಿಯುವುದಿಲ್ಲ. ಹೊರಗಿನಿಂದ ನೋಡುವ ಕನ್ಸಲ್ಟೆಂಟಿಗೂ ಪೂರ್ತಿ ತಿಳಿಯುವುದಿಲ್ಲ. ವರ್ಷಕ್ಕೆ ನೂರಾರು ಅರ್ಜಿ ಓದಿದ ಶಾಲಾ ಕೌನ್ಸೆಲರ್‌ಗೆ ಒಂದಿಷ್ಟು ಅಂದಾಜು ಇರುತ್ತದೆ. ಅದಕ್ಕೇ ‘ಶೇ. 17’ ಎಂಬ ಉತ್ತರದ ಬಗ್ಗೆ ನನಗೆ ಸಿಟ್ಟು. ಅದರಲ್ಲಿ ಇಲ್ಲದ ಖಚಿತತೆಯನ್ನು ಆ 7 ತಂದುಕೊಡುತ್ತದೆ. ‘ಕಷ್ಟ, ಆದರೆ ಹಾಕಬಹುದು’ ಎಂದರೆ ಅಷ್ಟೇ ಮಾಹಿತಿ, ಜೊತೆಗೆ ಪ್ರಾಮಾಣಿಕತೆ. ಪ್ರವೇಶ ಪ್ರಮಾಣ ಶೇ. 10ಕ್ಕಿಂತ ಕೆಳಗಿರುವ ಯಾವ ಕಾಲೇಜನ್ನೂ ಯಾವ ವಿದ್ಯಾರ್ಥಿಯೂ ‘ಟಾರ್ಗೆಟ್’, ಅಂದರೆ ತನ್ನ ಅಂಕಕ್ಕೆ ಸಿಗುವಂಥದ್ದು, ಅನ್ನಬಾರದು. ಎಲ್ಲರಿಗೂ ಅದು ‘ರೀಚ್’, ಕೈಗೆ ಎಟುಕುವುದು ಕಷ್ಟವಾದದ್ದು.

ಹಾಗಾದರೆ ಲೆಕ್ಕ ಎಲ್ಲಿ ಕೆಲಸ ಮಾಡುತ್ತದೆ? ಅಂಕಕ್ಕೆ ಹೆಚ್ಚು ಬೆಲೆ ಕೊಟ್ಟು, ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳುವ ಕಡೆ. ಟೆಕ್ಸಸ್ ಅದರ ತುತ್ತತುದಿ. ಅಲ್ಲಿ 1997ರಿಂದ ಕಾನೂನೇ ಇದೆ: ಶಾಲೆಯ ಮೇಲಿನ ಶೇ. 10ರಲ್ಲಿರುವ ರಾಜ್ಯದ ವಿದ್ಯಾರ್ಥಿಗಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ತಾನಾಗಿಯೇ ಪ್ರವೇಶ. ಆಸ್ಟಿನ್ ಕ್ಯಾಂಪಸ್ಸಿಗೆ ಮಾತ್ರ ಬೇಡಿಕೆ ಜಾಸ್ತಿಯಾಗಿ ಮಿತಿ ಶೇ. 6ಕ್ಕೆ ಬಂದಿತ್ತು, 2026ರಲ್ಲಿ ಸೇರುವವರಿಗೆ ಶೇ. 5. ಆ ಮಿತಿಯೊಳಗಿದ್ದರೆ ಸಾಧ್ಯತೆ ನೂರಕ್ಕೆ ನೂರು. ಆದರೆ ಅದು ವಿಶ್ವವಿದ್ಯಾಲಯಕ್ಕೆ ಮಾತ್ರ, ಕೇಳಿದ ವಿಭಾಗಕ್ಕಲ್ಲ.

ಬೇರೆ ಕಾಲೇಜುಗಳಿಗೆ ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆ ಇದೆ. ಕಾಲೇಜಿನ ಹೆಸರಿನ ಜೊತೆ ಈ ಪದ ಹಾಕಿ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ, ಕಾಸು ಬೇಡ. ಅದರ ‘ಸಿ’ ವಿಭಾಗವನ್ನಷ್ಟೇ ನೋಡಿ. ಸಿ1ರಲ್ಲಿ ಗಂಡು, ಹೆಣ್ಣು ಬೇರೆ ಬೇರೆಯಾಗಿ ಎಷ್ಟು ಅರ್ಜಿ, ಎಷ್ಟು ಪ್ರವೇಶ ಎಂದಿರುತ್ತದೆ. ಸಿ7ರಲ್ಲಿ ಒಂದು ಕೋಷ್ಟಕ: ಜಿಪಿಎ, ಪ್ರಬಂಧ, ಲೆಗಸಿ, ನಿಮ್ಮ ಆಸಕ್ತಿ ಇವೆಲ್ಲ ‘ಬಹಳ ಮುಖ್ಯ’ದಿಂದ ‘ಪರಿಗಣಿಸುವುದಿಲ್ಲ’ದವರೆಗೆ ಎಲ್ಲಿ ಬರುತ್ತವೆ ಎಂದು ಕಾಲೇಜೇ ಗುರುತು ಹಾಕಿರುತ್ತದೆ. ಸಿ9ರಲ್ಲಿ ಎಸ್‌ಎಟಿ ಅಂಕಗಳು, ಜೊತೆಗೆ ಎಷ್ಟು ಶೇಕಡಾ ಮಂದಿ ಅಂಕ ಕಳಿಸಿದ್ದರು ಎಂಬುದು. ಈ ಎರಡನೆಯ ಸಂಖ್ಯೆಯನ್ನು ಬಿಟ್ಟು ಮೊದಲನೆಯದನ್ನು ಓದಬೇಡಿ. ಸಿ7ರಲ್ಲಿ ಓದಿಗೆ ಸಂಬಂಧಿಸಿದ್ದೇ ‘ಬಹಳ ಮುಖ್ಯ’ ಆಗಿದ್ದು, ಪ್ರವೇಶ ಪ್ರಮಾಣ ಅರ್ಧದ ಮೇಲಿದ್ದು, ನಿಮ್ಮ ಅಂಕ ಅವರ ಮೇಲಿನ ಕಾಲುಭಾಗದಲ್ಲಿದ್ದರೆ ಅಲ್ಲಿ ಧೈರ್ಯವಾಗಿ ‘ಸೇಫ್ಟಿ’, ಅಂದರೆ ಹೆಚ್ಚುಕಡಿಮೆ ಸಿಕ್ಕೇ ಸಿಗುವಂಥದ್ದು, ಅಂತ ಬರೆದುಕೊಳ್ಳಬಹುದು. ಕೇಳುವ ವಿಭಾಗ ಬೇರೆ ಬಾಗಿಲಿನದ್ದಲ್ಲ ಎಂಬುದನ್ನು ಖಚಿತ ಮಾಡಿಕೊಳ್ಳಿ.

ಇನ್ನೊಂದು ಸಾಧನ ಶಾಲೆಗಳು ಬಳಸುವ ನವಿಯನ್ಸ್‌ನಂಥ ತಂತ್ರಾಂಶದ ಚುಕ್ಕೆ ನಕ್ಷೆ. ನಿಮ್ಮದೇ ಶಾಲೆಯಿಂದ ಹಿಂದಿನ ವರ್ಷಗಳಲ್ಲಿ ಆ ಕಾಲೇಜಿಗೆ ಹಾಕಿದವರ ಜಿಪಿಎ, ಎಸ್‌ಎಟಿ ಮತ್ತು ಫಲಿತಾಂಶ ಅದರಲ್ಲಿ ಕಾಣುತ್ತದೆ: ಸಿಕ್ಕವರು ಹಸಿರು, ಸಿಗದವರು ಕೆಂಪು. ನನ್ನ ದೃಷ್ಟಿಯಲ್ಲಿ ಇರುವುದರಲ್ಲಿ ಇದೇ ಒಳ್ಳೆಯದು, ಯಾಕೆಂದರೆ ಎಲ್ಲ ಚುಕ್ಕೆಗಳೂ ಒಂದೇ ಶಾಲೆಯ ಒಂದೇ ಥರದ ಅಂಕಪಟ್ಟಿಯಿಂದ ಬಂದವು. ಆದರೆ ಕಡಿಮೆ ಅಂಕದವರಿರುವ ಕೆಳಗೆ ಎಡಕ್ಕೆ ಒಂಟಿಯಾಗಿ ನಿಂತಿರುವ ಹಸಿರು ಚುಕ್ಕೆ ನೋಡಿ ‘ಇವನಿಗೇ ಸಿಕ್ಕಿದೆ, ನಮಗೆ ಸಿಗದಾ’ ಅನ್ನಬೇಡಿ. ಆ ಚುಕ್ಕೆ ಈಜುಪಟುವಿನದ್ದಿರಬಹುದು. ಮೇಲೆ ಬಲಕ್ಕೆ ಕೆಂಪು, ಹಸಿರು ಕಲಸಿಹೋಗಿದ್ದರೆ ಅಂಕ ಅಲ್ಲಿ ಏನನ್ನೂ ನಿರ್ಧರಿಸುತ್ತಿಲ್ಲ ಎಂದು ಅರ್ಥ. ಹಸಿರೇ ತುಂಬಿದ್ದರೆ ನಿಮ್ಮ ಪಟ್ಟಿಯ ತಳ ಅಲ್ಲಿದೆ.

ಕೊನೆಗೆ ದುಡ್ಡು. ಸಿಕ್ಕಿಯೂ ಸೇರಲಾಗದ ಕಾಲೇಜು ಸೇಫ್ಟಿ ಅಲ್ಲ. 2011ರಿಂದ ಪ್ರತಿ ಕಾಲೇಜೂ ತನ್ನ ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇಡಬೇಕೆಂಬ ಕಾನೂನಿದೆ. ಆದಾಯ, ಆಸ್ತಿ ತುಂಬಿದರೆ ನಿಜವಾಗಿ ಎಷ್ಟು ಕಟ್ಟಬೇಕಾಗಬಹುದು ಎಂಬ ಅಂದಾಜು ಬರುತ್ತದೆ. ಪ್ರವೇಶದ ಕ್ಯಾಲ್ಕುಲೇಟರಿಗಿಂತ ಇದು ಎಷ್ಟೋ ಪಾಲು ನಂಬಬಹುದಾದದ್ದು. ಅರ್ಲಿ ಡಿಸಿಷನ್ನಿಗೆ ಸಹಿ ಹಾಕುವ ಮುಂಚೆಯೇ ಇದನ್ನು ಮಾಡಬೇಕು. ಸಹಾಯಧನ ಸಾಲದಿದ್ದರೆ ಒಪ್ಪಂದದಿಂದ ಬಿಡಿಸಿಕೊಳ್ಳಬಹುದು ನಿಜ. ಆದರೆ ನಾಲ್ಕು ಕಾಲೇಜುಗಳ ಕೊಡುಗೆಯನ್ನು ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಆಗ ಇರುವುದಿಲ್ಲ.

ಹೊರದೇಶದವರಿಗೆ ದುಡ್ಡು ನೇರವಾಗಿ ಸಾಧ್ಯತೆಯನ್ನೇ ಬದಲಿಸುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆಮ್ಹರ್ಸ್ಟ್, ಬೋಡನ್, ಈಚೆಗೆ ಬ್ರೌನ್, ಹೀಗೆ ಕೆಲವೇ ಕಾಲೇಜುಗಳು ಹೊರದೇಶದ ಅರ್ಜಿಯಲ್ಲೂ ಸಹಾಯಧನ ಕೇಳಿದ್ದೀರೋ ಇಲ್ಲವೋ ಎಂಬುದನ್ನು ಪ್ರವೇಶದ ತೀರ್ಮಾನಕ್ಕೆ ತರುವುದಿಲ್ಲ. ಉಳಿದ ಬಹುಪಾಲು ಕಡೆ ತರುತ್ತಾರೆ, ಸ್ಟ್ಯಾನ್‌ಫರ್ಡ್ ಕೂಡ. ಹಾಗಂತ ಈಗ ‘ಬೇಡ’ ಎಂದು ಗುರುತು ಹಾಕಿ, ಸೇರಿದ ಮೇಲೆ ಕೇಳೋಣ ಎಂಬ ಉಪಾಯವೂ ನಡೆಯುವುದಿಲ್ಲ. ಅರ್ಜಿಯ ಹಂತದಲ್ಲಿ ಕೇಳದ ಹೊರದೇಶದ ವಿದ್ಯಾರ್ಥಿಗೆ ಮುಂದಿನ ನಾಲ್ಕು ವರ್ಷವೂ ಸಹಾಯ ಕೊಡುವುದಿಲ್ಲ ಎಂಬ ನಿಯಮ ಹಲವು ಕಾಲೇಜುಗಳಲ್ಲಿದೆ.